ಒಂದು ಸಲ ಜಗ್ಗಿದರೆ ಕ್ಷೇಮ

"ಇದು ನಿಮ್ಮ ಅಪ್ಪಚ್ಚನ ಹಗ್ಗ. ಒಮ್ಮೆ ಜಗ್ಗಿ ಕೊಡಿ," ಎಂದ ಬಾಗಿಲಲ್ಲಿ ನಿಂತವನು.

ವಲ್ಸಾ ಹಗ್ಗ ನೋಡಲಿಲ್ಲ, ಅವನನ್ನು ನೋಡಿದಳು. ಅಕ್ಷರ ಬರೆಯಲು ಬಾರದ ಅಪ್ಪನ ಕಾಗದಗಳನ್ನೆಲ್ಲ ಮೂರು ವರ್ಷ ಬರೆದುಕೊಟ್ಟವನು. ಕೈಬರಹ ಅವಳಿಗೆ ಬಾಯಿಪಾಠ, ಮುಖ ಇವತ್ತೇ ಕಂಡದ್ದು. ಅಷ್ಟು ಮುದ್ದಾಗಿ ಬರೆಯುವವನ ಕಿವಿಗಳು ಇಷ್ಟು ದೊಡ್ಡವಿರಬಾರದಿತ್ತು.

ಅಪ್ಪಚ್ಚನನ್ನು ಕೊಂದವನ ಕಿವಿ ಅಳೆಯುತ್ತಿದ್ದೇನೆ... ನಾನೆಂಥ ಮಗಳು?

"ನೀವು ಡೇವಿಸ್ ಅಲ್ವಾ?"

"ಹೌದು."

"ಅಪ್ಪಚ್ಚನ ಹಗ್ಗದಲ್ಲಿ ಮೇಲೆ ಬಂದವರು."

ಅವನು ತಲೆ ತಗ್ಗಿಸಿದ. "ಹೌದು."

ಅವಳು ಬಾಗಿಲು ಮುಚ್ಚಿದಳು.

ಕಡಬದ ಸುತ್ತ ರಬ್ಬರ್ ನೆಟ್ಟವರ ನಡುವೆ ಕಡಲಿಗೆ ಹೋದವನು ವಲ್ಸಾಳ ಅಪ್ಪ ಉತುಪ್ ಒಬ್ಬನೇ. ಮುಳುಗಿದ ಹಡಗುಗಳ ಹೊಟ್ಟೆಗಿಳಿದು ತಾಮ್ರ, ಹಿತ್ತಾಳೆ ಎತ್ತುವುದು ಅವನ ಕೆಲಸ. ಊರಿನವರ ಲೆಕ್ಕದಲ್ಲಿ ಅದು ಗುಜರಿ ವ್ಯಾಪಾರ. ಮಂಗಳೂರಿನಿಂದ ಬೇಪೂರಿನವರೆಗಿನ ಮುಳುಗುಗಾರರ ಲೆಕ್ಕದಲ್ಲಿ ಮಾತ್ರ ಉತುಪ್ ಬಿಷಪ್ಪರಿಗಿಂತ ಒಂದೇ ಮೆಟ್ಟಿಲು ಕೆಳಗಿನವನು.

ಸಾವಿನ ನಲವತ್ತೊಂದನೆಯ ದಿನದ ಪ್ರಾರ್ಥನೆಗೆ ಅವನ ತಂಡದ ಎಂಟೂ ಜನ ಬಂದಿದ್ದರು. ಅವರದ್ದೊಂದು ಕಟ್ಟಳೆಯಿತ್ತು. ನೀರಿನಡಿಯಿಂದ ಹಗ್ಗವನ್ನು ಒಮ್ಮೆ ಜಗ್ಗಿದರೆ ಕ್ಷೇಮ, ನಾಲ್ಕು ಸಲ ಜಗ್ಗಿದರೆ ಎಳೆದುಕೊಳ್ಳಿ ಎಂದು ಅರ್ಥ. ತಂಡದಲ್ಲೊಬ್ಬ ಸತ್ತರೆ ಅವನ ಹಗ್ಗವನ್ನು ಮನೆಗೆ ಒಯ್ಯಬೇಕು, ಮನೆಯವರು ಒಮ್ಮೆ ಜಗ್ಗಬೇಕು. ಅಲ್ಲಿಯವರೆಗೆ ಉಳಿದವರು ಕಡಲಿಗಿಳಿಯುವಂತಿಲ್ಲ.

ವಲ್ಸಾ ಜಗ್ಗಲಿಲ್ಲ. ಎಂಟು ಗಂಡಸರು ಅಂಗಳದಲ್ಲಿ ಸಿಕ್ಕಿಬಿದ್ದರು.

ಒಳಗೆ ಅವಳೂ ಸಿಕ್ಕಿಬಿದ್ದವಳೇ. ಮನೆಯಿಂದ ಬಸ್ಸಿಗೆ ಹೋಗಲು ಕುಮಾರಧಾರೆ ದಾಟಬೇಕು, ದಾಟಲು ದೋಣಿಯೊಂದೇ ದಾರಿ. ಸಾವಿನ ಸುದ್ದಿ ಬಂದ ದಿನವೇ ಅಮ್ಮ ಲೀಲಾಮ್ಮ, ಮಗಳು ನೀರು ದಾಟಬಾರದೆಂದು ಅವಳ ಚಪ್ಪಲಿಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಳು. ಕೀಲಿ ಅವಳ ಕೊರಳಲ್ಲಿ, ಶಿಲುಬೆಯ ಜತೆ ತೂಗುತ್ತಿತ್ತು. ದರ್ಬೆಯ ಟೈಪಿಂಗ್ ಶಾಲೆಯಲ್ಲಿ ಕಲಿಸುವ ಕೆಲಸಕ್ಕೆ ಸೋಮವಾರ ಸೇರದಿದ್ದರೆ ಅದು ಬೇರೆಯವರ ಪಾಲು. ಇವತ್ತು ಶನಿವಾರ.

"ಕೆಲಸ ಕಾಯುದಿಲ್ಲ ಅಮ್ಮಚ್ಚಿ," ಎಂದಳು ಹತ್ತನೆಯ ಸಲ.

"ಈ ಕೆಲಸ ಹೋದರೆ ಇನ್ನೊಂದು ಉಂಟು. ನೀನೂ ನೀರಿಗೆ ಹೋದರೆ ನನಗೆ ಎಂತ ಉಂಟು?"



ಅಷ್ಟರಲ್ಲಿ ಅಡುಗೆಮನೆಯ ಹಿಂಬಾಗಿಲಲ್ಲಿ ಕುಂಞಿ ಮೋನು ಕೆಮ್ಮಿದ. ದೋಣಿಯ ಮೇಲೆ ಕೂತು ಇಪ್ಪತ್ತು ವರ್ಷ ಉತುಪ್‌ನ ಹಗ್ಗ ಹಿಡಿದ ಮುದುಕ.

"ಮೋಳೆ, ಮಗಳೇ, ಅವತ್ತೂ ಹಗ್ಗ ಹಿಡಿದದ್ದು ನಾನು. ಬೈಯುದಾದರೆ ನನಗೆ ಬೈ."

"ಆ ಡೇವಿಸ್ ಅಪ್ಪಚ್ಚನ ಹಗ್ಗ ಕಿತ್ತುಕೊಂಡದ್ದಂತೆ. ಊರೇ ಹೇಳ್ತದೆ."

"ಉತುಪ್‌ನ ಕೈಯಿಂದ ಕಿತ್ತುಕೊಳ್ಳುದಾ? ಒಂದು ಬೀಡಿ ಕಿತ್ತುಕೊಳ್ಳಲಿಕ್ಕೆ ನನಗೆ ಇಪ್ಪತ್ತು ವರ್ಷದಲ್ಲಿ ಆಗಲಿಲ್ಲ ಮಾರಾಯ್ತಿ." ಮುದುಕ ಹೊಸ್ತಿಲಲ್ಲಿ ಕೂತ. "ಹಡಗಿನ ತಗಡು ತಾಗಿ ಡೇವಿಸನ ಹಗ್ಗ ತುಂಡಾಯ್ತು. ಅವ ಕತ್ತಲಲ್ಲಿ ಜ್ಞಾನ ತಪ್ಪಿ ಬಿದ್ದಿದ್ದ. ನನ್ನ ಕೈಗೆ ನಾಲ್ಕು ಜಗ್ಗು ಬಂತು. ಉತುಪ್‌ನನ್ನೇ ಎಳೆಯುದು ಅಂತ ಎಳೆದೆ. ಬಂದದ್ದು ಇವ. ಸೊಂಟದಲ್ಲಿದ್ದ ಗಂಟು ಮಾತ್ರ ಉತುಪ್ ಕೈಯಾರೆ ಹಾಕಿದ್ದು."

ಒಲೆಯ ಮುಂದಿದ್ದ ಲೀಲಾಮ್ಮನ ಕೈಯ ಸೌಟು ನಿಂತಿತು.

"ಮತ್ತೆ ಹಗ್ಗ ಇಳಿಸಿದೆ. ಅಷ್ಟರಲ್ಲಿ ಹಡಗಿನ ಒಳಗೋಡೆ ಕುಸಿದಿತ್ತು..."

"ಅವರು ಇದನ್ನು ಯಾಕೆ ಹೇಳಲಿಲ್ಲ?" ಎಂದಳು ವಲ್ಸಾ.

"ನೀನು ಕೇಳಿದೆಯಾ? ಬಾಗಿಲು ಹಾಕಿದಿ."

ಅವಳು ಬರಿಗಾಲಲ್ಲೇ ನದಿಯತ್ತ ನಡೆದಳು.

ಡೇವಿಸ್ ದಡದಲ್ಲಿ ಕೂತು ಹಗ್ಗ ಸುತ್ತುತ್ತಿದ್ದ. ನಲವತ್ತೊಂದು ದಿನದಲ್ಲಿ ಎಷ್ಟು ಸಲ ಸುತ್ತಿ ಬಿಚ್ಚಿದ್ದನೋ, ನಾರು ಎದ್ದಿತ್ತು.

"ಕೇಳದೆ ಅಂದುಬಿಟ್ಟೆ," ಎಂದಳು ವಲ್ಸಾ.

"ಅಂದದ್ದು ಸುಳ್ಳಲ್ಲ. ಅವರ ಹಗ್ಗದಲ್ಲೇ ಬಂದದ್ದು ನಾನು. ನನ್ನ ಅರ್ಧ ಇನ್ನೂ ಆ ಹಡಗಿನೊಳಗೇ ಉಂಟು." ಅವನು ತಲೆಯೆತ್ತಲಿಲ್ಲ. "ನನ್ನನ್ನು ಬಿಡಿ. ಉಳಿದವರಿಗಾಗಿಯಾದರೂ ಒಮ್ಮೆ ಜಗ್ಗಿ."

ಇವನನ್ನು ಬಿಡುವುದು ಹೇಗೆ? ಅಪ್ಪಚ್ಚನೇ ಬಿಟ್ಟಿರಲಿಲ್ಲ...

"ಒಂದು ಮಾತು ಕೇಳ್ತೇನೆ. ಪ್ರತಿ ಕಾಗದದ ಕೊನೆಗೆ 'ವಲ್ಸಾಳ ದಾಸವಾಳ ಅರಳಿತಾ' ಅಂತ ಇರುತ್ತಿತ್ತು. ಅಪ್ಪಚ್ಚನಿಗೆ ದಾಸವಾಳಕ್ಕೂ ಕುಂಬಳದ ಹೂವಿಗೂ ವ್ಯತ್ಯಾಸ ಗೊತ್ತಿರಲಿಲ್ಲ."

ದೊಡ್ಡ ಕಿವಿಗಳೆರಡೂ ಕೆಂಪಾದವು. "ಅದು ನಾನು ಸೇರಿಸಿದ್ದು. ಅವರಿಗೆ ಗೊತ್ತಿತ್ತು. 'ಬರಿ, ಆದರೆ ಒಂದೇ ಸಾಲು' ಅಂತಿದ್ರು."

ಅವಳು ನಕ್ಕಳು, ನಗುತ್ತಲೇ ಅತ್ತಳು. ನಲವತ್ತೊಂದು ದಿನ ಬಾರದಿದ್ದ ಅಳು.

ಹಿಂದೆ ಹೆಜ್ಜೆಯ ಸದ್ದಾಯಿತು. ಒಂದು ಕೈಯಲ್ಲಿ ಮಗಳ ಚೀಲ, ಇನ್ನೊಂದರಲ್ಲಿ ಚಪ್ಪಲಿ ಹಿಡಿದು ಲೀಲಾಮ್ಮ ನಿಂತಿದ್ದಳು. ಚಪ್ಪಲಿಗೆ ಬೂಸ್ಟು ಹಿಡಿದಿತ್ತು. ಸೆರಗಿನಿಂದ ಒರೆಸಿ ಮಗಳ ಕಾಲ ಬಳಿ ಇಟ್ಟಳು.

"ಆ ಹಗ್ಗ ಇತ್ತ ಕೊಡು," ಎಂದಳು ಡೇವಿಸನಿಗೆ. ಒಂದು ತುದಿಯನ್ನು ವಲ್ಸಾಳ ಸೊಂಟಕ್ಕೆ ಕಟ್ಟಿದಳು. ಅದೇ ಗಂಟು. ಮದುವೆಯಾದ ಹೊಸತರಲ್ಲಿ ಉತುಪ್ ಕಲಿಸಿದ್ದು. ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡಳು. "ನಡಿ. ಬಸ್ಸು ಹೋಗ್ತದೆ."

ವಲ್ಸಾ ದೋಣಿ ಹತ್ತಿದಳು, ಡೇವಿಸ್ ಹುಟ್ಟು ಹಾಕಿದ. ನಡುನೀರಿನಲ್ಲಿ ದೋಣಿ ಓಲಾಡಿತು. ವಲ್ಸಾ ತಿರುಗಿ ನೋಡಿದಳು. ದಡದಲ್ಲಿ ಅಮ್ಮ ಕಣ್ಣು ಮುಚ್ಚಿ, ಹಗ್ಗವನ್ನು ಎದೆಗೊತ್ತಿ ನಿಂತಿದ್ದಳು.

ವಲ್ಸಾ ಒಮ್ಮೆ ಜಗ್ಗಿದಳು.

ಲೀಲಾಮ್ಮನ ಕಣ್ಣು ತೆರೆಯಿತು. ಅಂಗಳದಿಂದ ಬಂದ ಏಳು ಗಂಡಸರು ತಲೆಯ ಮುಂಡಾಸು ತೆಗೆದರು. ಕುಂಞಿ ಮೋನು ಮುಖವನ್ನು ಅದರಲ್ಲೇ ಮುಚ್ಚಿಕೊಂಡ.

ಸ್ವಲ್ಪ ಹೊತ್ತಿಗೆ ಸೊಂಟದ ಬಳಿ ಹಗ್ಗ ಬಿಗಿಯಾಯಿತು. ಅಮ್ಮನ ಕಡೆಯಿಂದಲೂ ಒಂದು ಜಗ್ಗು.

ಡೇವಿಸನ ಹುಟ್ಟು ನಿಂತೇಹೋಗಿತ್ತು. ನಲವತ್ತೊಂದು ದಿನದಲ್ಲಿ ಮೊದಲ ಸಲ ಅವನು ಪೂರ್ತಿ ಉಸಿರೆಳೆದುಕೊಂಡ.

"ದರ್ಬೆಗೆ ಕಾಗದ ಹಾಕಬಹುದಾ?" ಕೇಳಿದ.

"ಹಾಕಿ."

"ಒಂದೇ ಸಾಲಾ?"

ವಲ್ಸಾ ಚಪ್ಪಲಿಯ ತುದಿ ನೋಡಿದಳು. "ಅಪ್ಪಚ್ಚ ಹೇಳಿ ಬರೆಸುತ್ತಿದ್ದ ಜಾಗ ಖಾಲಿ ಉಂಟಲ್ಲ... ಅದನ್ನೂ ನೀವೇ ತುಂಬಿಸಿ."