ಮೇಸ್ತ್ರಿ ಮುಚ್ಚಿದ ತೂತು

"ಏನಾದ್ರೂ ಮಾಡ್ಕೊಳ್ಳಿ, ಆ ತೂತು ಮಾತ್ರ ಮುಚ್ಚಬೇಡಿ," ಎಂದಳು ಲಾಡ್ಜಿನ ಕೋಣೆ ಗುಡಿಸುವ ಹೆಂಗಸು.

ಮಂಚದ ಪಕ್ಕದ ಗೋಡೆಯಲ್ಲಿ ಮುಷ್ಟಿ ಗಾತ್ರದ ತೂತು. ಒಳಗಿಂದ ತಣ್ಣನೆಯ ಗಾಳಿ, ಗಾಳಿಯ ಜೊತೆ ಸುಟ್ಟ ಕೂದಲಿನ ಕಮಟು.

"ಯಾಕಮ್ಮ, ಒಳಗೆ ದೆವ್ವ ಬಾಡಿಗೆಗಿದೆಯಾ?" ಮೇಸ್ತ್ರಿ ನಕ್ಕ.

ಅವಳು ನಗಲಿಲ್ಲ. "ಹೇಳೋದು ನನ್ನ ಕೆಲಸ. ಹೇಳಿದೀನಿ," ಎಂದು ಪೊರಕೆ ಎತ್ತಿಕೊಂಡು ಹೋದಳು.

ಮೂವತ್ತು ವರ್ಷ ಗಾರೆ ಕೆಲಸ ಮಾಡಿದವನಿಗೆ ಗೋಡೆಯ ತೂತು ಮುಚ್ಚಬೇಡ ಎನ್ನುವುದೂ ಬೆಕ್ಕಿಗೆ ಹಾಲು ಮುಟ್ಟಬೇಡ ಎನ್ನುವುದೂ ಒಂದೇ. ನೆಂಟರ ಮನೆಗೆ ಹೋದರೂ ಅವನು ಮೊದಲು ನೋಡುವುದು ಗೋಡೆ, ಆಮೇಲೆ ನೆಂಟರ ಮುಖ. ಕಾರಿನ ಡಿಕ್ಕಿಗೆ ಬಟ್ಟೆಗಿಂತ ಮೊದಲು ಗಾರೆ ಸವರುವ ಕರಣೆಯೂ ಅರ್ಧ ಚೀಲ ಸಿಮೆಂಟೂ ಏರುತ್ತಿದ್ದವು. ಈ ಸಲ ಹೆಂಡತಿ ಅದಕ್ಕೂ ರೇಗಿದ್ದಳು. "ಆರಾಮಾಗಿರೋಕೆ ಹೋಗ್ತಿರೋದು ಕಣ್ರೀ, ಮನೆ ಕಟ್ಟೋಕಲ್ಲ."

ಆರಾಮವೆಂದರೂ ಬಂದದ್ದು ಮಗಳಿಗಾಗಿ. ಎಂಟು ವರ್ಷದ ಸಣಕಲು ಹುಡುಗಿ, ಅಪ್ಪ ಕರೆಯುವುದೇ 'ಕಡ್ಡಿ' ಎಂದು. ಹುಟ್ಟಿದಾಗಿನಿಂದ ಗೂರಲು. ಅವನ ಬಟ್ಟೆಯ ಸಿಮೆಂಟು ಧೂಳೇ ಅದನ್ನು ಹೆಚ್ಚಿಸಿದ್ದು ಎಂದು ಡಾಕ್ಟರು ಹೇಳಿದ ದಿನದಿಂದ ಮೇಸ್ತ್ರಿಗೆ ಊಟ ರುಚಿಸುತ್ತಿರಲಿಲ್ಲ. ಬೆಟ್ಟದ ಮೇಲಿನ ಈ ಒಂಟಿ ಲಾಡ್ಜಿನಲ್ಲಿ ಒಂದು ವಾರ ಇದ್ದರೆ ಮಗಳ ಎದೆ ತುಸುವಾದರೂ ಸಡಿಲವಾದೀತು ಎಂಬುದೊಂದೇ ಆಸೆ. ಆದರೆ ತೂತಿನ ಶೀತಗಾಳಿ ನೆಟ್ಟಗೆ ಅವಳ ದಿಂಬಿನ ಮೇಲೆಯೇ ಬೀಸುತ್ತಿತ್ತು. ಸೋಮಾರಿ ಅಪ್ಪನಾಗಿದ್ದರೆ ಇನ್ನೊಂದು ಕಂಬಳಿ ಹೊದಿಸಿ ಸುಮ್ಮನಾಗುತ್ತಿದ್ದ.

ಮರುದಿನ ಮಧ್ಯಾಹ್ನ ಮಂಜು ಕವಿದು ಕೋಣೆ ಮಬ್ಬಾಯಿತು. ಕಡ್ಡಿ ಕೆಮ್ಮಿ ಕೆಮ್ಮಿ ಸುಸ್ತಾಗಿ ಮಲಗಿದ್ದಳು. ಹೆಂಡತಿ ಬಿಸಿನೀರು ತರಲು ಕೆಳಗಿಳಿದದ್ದೇ ತಡ, ಮೇಸ್ತ್ರಿ ಗಾರೆ ಕಲಸಿದ. ತೂತಿಗೆ ತುಂಬುವಾಗ ಒಳಗೆ ಮೆತ್ತನೆಯದೇನೋ ಕೈಗೆ ತಗುಲಿತು. ಮೇಣದಂಥದು, ಸುತ್ತಲೂ ಕೂದಲು. ಇಲಿಗೂಡಿರಬೇಕೆಂದು ಇನ್ನೂ ಒಳಕ್ಕೆ ಒತ್ತಿ, ಮೇಲೆ ಕರಣೆಯಿಂದ ನಯವಾಗಿ ಸವರಿದ.

ಗಾಳಿ ನಿಂತಿತು. ಕೆಮ್ಮೂ ನಿಂತಿತು.

ತಿರುಗಿ ನೋಡಿದ. ಕಡ್ಡಿಯ ಬಾಯಿ ತೆರೆದಿತ್ತು. ಎದೆ ಏಳುತ್ತಿರಲಿಲ್ಲ. ತುಟಿ ನೀಲಿ. ಭುಜ ಅಲುಗಿಸಿದ. ಇಲ್ಲ. ಬೆನ್ನು ತಟ್ಟಿದ. ಇಲ್ಲ. ಗೋಡೆಗೆ ಹಾರಿದ. ಐದು ನಿಮಿಷದ ಹಸಿ ಗಾರೆ. ಕರಣೆ ಅದರ ಮೇಲೆ ಠಣ್ಣೆಂದಿತು. ಕಲ್ಲು! ಉಗುರಿನಿಂದ ಕೆರೆದ. ಉಗುರು ಕಿತ್ತುಬಂತು. ಕರಣೆಯ ಮೊನೆಯಿಂದ ಹೊಡೆದ. ಮತ್ತೆ ಹೊಡೆದ. ಸುಟ್ಟ ಕೂದಲಿನ ವಾಸನೆ ಮುಖಕ್ಕೆ ರಾಚಿತು. ಒಂದು ಚಕ್ಕೆ ಎದ್ದಿತು. ಬೆರಳಷ್ಟು ಸಂದಿ.

ಹಿಂದೆ ಮಂಚ ಕಿರುಗುಟ್ಟಿತು. ಮಗಳು ಎದ್ದು ಕೂತಿದ್ದಳು. ಉಸಿರು ಸರಾಗವಾಗಿ ಆಡುತ್ತಿತ್ತು, ಒಂದಿಷ್ಟೂ ಗೊರಗೊರವಿಲ್ಲದೆ.

ಬಿಸಿನೀರು ಹಿಡಿದು ಬಂದ ಹೆಂಡತಿ ಅತ್ತೇಬಿಟ್ಟಳು. "ನೋಡ್ರೀ, ಗೂರಲೇ ಇಲ್ಲ!" ಎಂದು ತಬ್ಬಿಕೊಳ್ಳಲು ಹೋದಳು. ಹುಡುಗಿ ಆ ಕೈಗಳನ್ನು ತಳ್ಳಿ, ಬಾಗಿಲಲ್ಲಿ ನಿಂತಿದ್ದ ಗುಡಿಸುವ ಹೆಂಗಸಿನತ್ತ ಓಡಿ, "ಅಮ್ಮಾ," ಎಂದಳು.

ಹೆಂಗಸು ಅವಳ ತಲೆ ನೇವರಿಸಿದಳು.

"ಹನ್ನೊಂದು ವರ್ಷದ ಹಿಂದೆ ಇದೇ ಮಂಚದ ಮೇಲೆ ನನ್ನ ಮಗಳು ಹೋದ್ಲು. ಮಾಟಗಾರನ್ನ ಕರೆಸಿ ಅವಳ ಕೊನೇ ಉಸಿರನ್ನ ಗೋಡೇಲಿ ಕಟ್ಟಿಸಿದೆ. ಬೇಡ ಅಂದ್ರೂ ಯಾರು ಮುಚ್ತಾರೋ, ಅವರ ಮಗುವಿನ ಮೈ ಇವಳಿಗೆ, ಆ ಮಗುವಿನ ಉಸಿರು ಗೋಡೆಗೆ. ಬೇಡ ಅಂದಮೇಲೆ ಮುಚ್ಚಿದ್ರೇ ಮಾಟ ಫಲಿಸೋದು, ಅದಕ್ಕೇ ಬಂದವರಿಗೆಲ್ಲ ಬೇಡ ಅಂತಿದ್ದೆ. ಹಾಳಾದವರು, ನಿಮ್ಮ ತನಕ ಎಲ್ಲರೂ ಮಾತು ಕೇಳಿದ್ರು."

ಹುಡುಗಿಯ ಕೈ ಹಿಡಿದು ಅವಳು ಮೆಟ್ಟಿಲಿಳಿದಳು. ಹೆಂಡತಿ ಕಿರುಚುತ್ತ ಹಿಂದೆ ಓಡಿದಳು. ಮೇಸ್ತ್ರಿಯೂ ಬಾಗಿಲವರೆಗೆ ಓಡಿದ.

ಗೋಡೆಯ ಸಂದಿಯಿಂದ ಸಣ್ಣಗೆ ಗೊರಗೊರ ಕೇಳಿತು. ಎಂಟು ವರ್ಷ ಪಕ್ಕದಲ್ಲೇ ಕೂತು ಆಲಿಸಿದ ಸದ್ದು. ಅದು ಕ್ಷೀಣವಾಗುತ್ತಿತ್ತು. ಸಂದಿ ಅವನ ಕಣ್ಣೆದುರೇ ಕೂಡಿಕೊಳ್ಳುತ್ತಿತ್ತು.

"ಬನ್ರೀ! ಕರ್ಕೊಂಡು ಹೋಗ್ತಿದಾಳೆ, ಬನ್ರೀ!" ಹೆಂಡತಿಯ ಕೂಗು ಮಂಜಿನೊಳಗೆ ದೂರವಾಯಿತು.

ಮೇಸ್ತ್ರಿ ಗೋಡೆಯ ಬಳಿ ಮಂಡಿಯೂರಿ ಕರಣೆಯ ಮೊನೆಯಿಂದ ಕೆರೆಯತೊಡಗಿದ. ಕೈ ನಿಂತರೆ ಸಂದಿ ಮುಚ್ಚುತ್ತದೆ.

"ನಿಧಾನ ಕಡ್ಡಿ, ನಿಧಾನಕ್ಕೆ ಉಸಿರು ತಗೋ," ಎಂದ. "ಅಪ್ಪ ಎಲ್ಲೂ ಹೋಗಲ್ಲ."