ಹಲ್ಲಿನ ಡಾಕ್ಟರ ಕ್ರೋನೋಗ್ರಾಫ್

ಹಲ್ಲಿನ ಡಾಕ್ಟರ್ ಮೊದಲ ಸಲ ತನ್ನ ವಾಚ್ ರಿಪೇರಿ ಅಂಗಡಿಗೆ ಬಂದಾಗ ಅವಳಿಗೆ ಸಿಟ್ಟೇ ಬಂದಿತ್ತು.

"ಪಾಲಿಶ್ ಮಾತ್ರ ಮಾಡ್ಬೇಡಿ. ಗೀರು ಇದ್ರೆ ಇರ್ಲಿ," ಎಂದು ಮೂರನೇ ಸಲ ಹೇಳಿದ. ಹದಿನಾಲ್ಕು ವರ್ಷದಿಂದ ಹಳೆಯ ವಾಚುಗಳನ್ನೇ ರಿಪೇರಿ ಮಾಡುತ್ತಿದ್ದವಳಿಗೆ ಪಾಠ ಬೇರೆ.

ಅವಳು ಅವನ ವಿಸಿಟಿಂಗ್ ಕಾರ್ಡ್ ನೋಡಿದಳು. "ಹಲ್ಲುಜ್ಜಿ ಅಂತ ಊರಿಗೆಲ್ಲ ಹೇಳೋರು, ವಾಚಿಗೆ ಮಾತ್ರ ಬೇಡ ಅಂತೀರಾ?"

ಅವನು ನಕ್ಕುಬಿಟ್ಟ. ಮುಂದಿನ ಹಲ್ಲೊಂದು ಸೊಟ್ಟಗಿತ್ತು. ಹಲ್ಲಿನ ಡಾಕ್ಟರಿಗೇ ಸೊಟ್ಟ ಹಲ್ಲು. ಅವಳ ಸಿಟ್ಟು ಅಲ್ಲೇ ಇಳಿಯಿತು.

ಪಕ್ಕದ ಗುಂಡಿ ಒತ್ತಿದರೆ ಸ್ಟಾಪ್‌ವಾಚಿನಂತೆ ಓಡುವ ಹಳೆಯ ಕ್ರೋನೋಗ್ರಾಫ್‌ಗಳನ್ನು ಕೂಡಿಡುವುದು ಅವನ ಹುಚ್ಚು. ಇಪ್ಪತ್ತಮೂರಿದ್ದವು. ಅವನು ತಂದಿದ್ದ ಈ ಚಿನ್ನದ್ದೊಂದರಲ್ಲಿ ಮಾತ್ರ ಗುಂಡಿಯ ಒಳಗಿನ ಸ್ಪ್ರಿಂಗ್ ಮುರಿದಿತ್ತು. ಅದನ್ನು ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು.

"ಹುಡುಕ್ತೀನಿ. ಟೈಮ್ ಹಿಡಿಯುತ್ತೆ," ಎಂದಳು.

ಗುರುವಾರ ಗುರುವಾರ ಬರತೊಡಗಿದ. "ಸಿಕ್ತಾ?" "ಇಲ್ಲ." ಅಷ್ಟಕ್ಕೇ ಹೋಗುತ್ತಿರಲಿಲ್ಲ. ಹರಾಜಿನಲ್ಲಿ ಕೈತಪ್ಪಿದ ವಾಚುಗಳ ಕಥೆ ಹೇಳುತ್ತ, ಚಕ್ರ ಜೋಡಿಸುವ ಅವಳ ಬೆರಳುಗಳನ್ನು ನೋಡುತ್ತ ಕೂರುತ್ತಿದ್ದ.

"ನಾನೂ ಹಲ್ಲು ನೋಡ್ತೀನಿ, ನೀವೂ ಚಕ್ರದ ಹಲ್ಲು ನೋಡ್ತೀರಿ. ನಿಮ್ಮವು ಕಿರುಚಲ್ಲ, ಪುಣ್ಯ ಮಾಡಿದ್ದೀರಿ."

ಅವಳು ತಲೆಯೆತ್ತದೆ ನಗುತ್ತಿದ್ದಳು. ಎತ್ತಿದರೆ ಅವನ ನೋಟ ಅಲ್ಲೇ ಕಾದಿರುತ್ತದೆಂದು ಗೊತ್ತಿತ್ತು.

"ಅಕ್ಕಾ, ನೀನು ಮೂರು ಸಲ ಬಟ್ಟೆ ಬದಲಾಯಿಸಿದ್ರೆ ಗುರುವಾರ ಅಂತ ಲೆಕ್ಕ," ಎಂದು ತಂಗಿ ರೇಗಿಸುತ್ತಿದ್ದಳು.

ಆರನೇ ತಿಂಗಳಿಗೆ ಸ್ಪ್ರಿಂಗ್ ಸಿಕ್ಕಿತು. ಜೋಡಿಸಲು ಅರ್ಧ ದಿನ ಸಾಕು. ಜೋಡಿಸಿದರೆ ಗುರುವಾರಗಳು ಮುಗಿದವು. "ಸಿಕ್ತಾ?" ಎಂದು ಅವನು ಬಾಗಿಲಲ್ಲೇ ಕೇಳಿದಾಗ ಅವಳ ಬಾಯಿಂದ "ಇಲ್ಲ" ಎಂದೇ ಬಂತು. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡಳು. ಹಾಗೆಯೇ ಮೂರು ತಿಂಗಳು ಕಳೆಯಿತು.

ಆಮೇಲೆ ಎರಡು ಗುರುವಾರ ಅವನು ಬರಲಿಲ್ಲ. ಮತ್ತೆ ಬಂದಾಗ ಗಡ್ಡ ಬೆಳೆದಿತ್ತು. ಕೂರಲಿಲ್ಲ.

"ಇನ್ನು ಹುಡುಕ್ಬೇಡಿ ಮೇಡಂ. ಅದು ಅಪ್ಪಂದು. ಈಜು ಕಲಿಸ್ತಿದ್ರು, ಶಿಷ್ಯರೆಲ್ಲ ಸೇರಿ ಕೊಟ್ಟಿದ್ದು. ಆ ಮುಳ್ಳು ಓಡೋದನ್ನ ಇನ್ನೊಂದ್ಸಲ ನೋಡ್ಬೇಕು ಅಂತಿದ್ರು. ಹೋಗ್ಬಿಟ್ರು."

ಅವಳು ಚಿಮಟ ಕೆಳಗಿಟ್ಟಳು. "ಒಂದಿನಾನೂ ಹೇಳ್ಲಿಲ್ಲ ನೀವು."

"ಮನೇಲಿ ಬರೀ ಕಾಯಿಲೆ ಮಾತು. ನಾನು ನಗ್ತಿದ್ದಿದ್ದು ಇಲ್ಲೊಂದೇ ಕಡೆ. ಇಲ್ಲಿಗೂ ಅದನ್ನ ಯಾಕೆ ತರ್ಲಿ ಅಂತ ಸುಮ್ನಿದ್ದೆ."

ಅವಳೂ ಸುಮ್ಮನಿದ್ದುಬಿಡಬಹುದಿತ್ತು. ಅವನಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಆದರೂ ಡ್ರಾಯರ್ ಎಳೆದು, ವಾಚನ್ನೂ ಸ್ಪ್ರಿಂಗ್ ಇದ್ದ ಪುಟ್ಟ ಡಬ್ಬಿಯನ್ನೂ ಅವನ ಮುಂದಿಟ್ಟಳು.

"ಮೂರು ತಿಂಗಳ ಮೇಲಾಯ್ತು ಸಿಕ್ಕಿ. ವಾಚ್ ಸರಿಹೋದ್ರೆ ನೀವು ಬರೋದೇ ಇಲ್ಲ ಅಂತ ಸುಳ್ಳು ಹೇಳ್ದೆ."

ಬೈಯಲಿ ಎಂದು ಕಾದಳು. ಅವನು ಡಬ್ಬಿಯನ್ನೇ ನೋಡುತ್ತ ನಿಂತ.

"ಬನ್ನಿ ಅಂದಿದ್ರೆ ಸಾಕಿತ್ತಲ್ಲ," ಎಂದ ಮೆಲ್ಲಗೆ. "ವಾಚ್ ರೆಡಿಯಾದ ದಿನ ನಿಮ್ಮನ್ನೂ ಕರ್ಕೊಂಡು ಹೋಗಿ ಅಪ್ಪಂಗೆ ತೋರಿಸ್ಬೇಕು ಅಂತಿದ್ದೆ."

"ನನ್ನನ್ನ ಕ್ಷಮಿಸಕ್ಕಾಗುತ್ತಾ?"

"ಗೊತ್ತಿಲ್ಲ. ಸಿಟ್ಟಿಲ್ಲ ಅನ್ನಕ್ಕಾಗ್ತಿಲ್ಲ. ಪ್ರೀತಿ ಹೋಯ್ತು ಅನ್ನಕ್ಕೂ ಆಗ್ತಿಲ್ಲ."

"ಜೋಡಿಸಿ ಕೊಡ್ಲಾ?"

"ಬೇಡ. ಈಗ ಯಾರಿಗೆ."

ವಾಚನ್ನೂ ಡಬ್ಬಿಯನ್ನೂ ಜೇಬಿಗಿಳಿಸಿ ಹೊರಟ. ಗಾಜಿನ ಬಾಗಿಲಾಚೆ, ರಸ್ತೆ ದಾಟಲು ನಿಂತ. ಸಿಗ್ನಲ್ ಹಸಿರಾಯಿತು, ಕೆಂಪಾಯಿತು, ಮತ್ತೆ ಹಸಿರಾಯಿತು. ಜನ ಅವನನ್ನು ಬಳಸಿಕೊಂಡು ದಾಟುತ್ತಿದ್ದರು. ಅವಳು ಬಾಗಿಲ ಹಿಡಿಯ ಮೇಲೆ ಕೈಯಿಟ್ಟಳು. ಕರೆದರೆ ತಿರುಗಿ ಬಂದಾನು ಎನಿಸಿತು. ತನಗಾಗಿ ಅವನನ್ನು ತಡೆದಿಟ್ಟುಕೊಂಡದ್ದು ಸಾಕಿತ್ತು; ಅದಕ್ಕೇ ಕರೆಯಲಿಲ್ಲ.

ಮೂರನೇ ಸಲ ಹಸಿರಾದಾಗ ಅವನು ತೋಳಿನಿಂದ ಮುಖ ಒರೆಸಿಕೊಂಡು ದಾಟಿಹೋದ.