ಮಾರ್ಕೋಸ್ ತಾತನ ಹೆಸರಿನ ಹಬ್ಬ

"ನೂರ್ಕಾಲ ಬಾಳಿ, ಮಾರ್ಕೋಸ್ ತಾತಾ! ಸಿಹಿ ಎಲ್ಲಿ?"

ಬಾಗಿಲಲ್ಲಿ ಆರನೇ ತರಗತಿಯ ಮಕ್ಕಳ ಗುಂಪು ನಿಂತಿತ್ತು. ಹನ್ನೊಂದು ಮಂದಿ ಇದ್ದರೆಂದು ತಾತ ಹೇಳುತ್ತಾರೆ. ಹದಿನಾಲ್ಕು ಎಂದು ಥೊಡೊರಿಸ್ ಹೇಳುತ್ತಾನೆ. ಎಲ್ಲರಿಗಿಂತ ಮುಂದೆ ನಿಂತಿದ್ದವನು ಅವನೇ.

ತಾತ ಕನ್ನಡಕ ಸರಿಮಾಡಿಕೊಂಡರು. "ಇವತ್ತಾ? ಯಾರ್ರೋ ಹೇಳಿದ್ದು?"

"ಫೋನ್ ಹೇಳ್ತು! ನೋಡಿ, ಏಪ್ರಿಲ್ ಇಪ್ಪತ್ತೈದು, ಮಾರ್ಕೋಸ್."

"ಉಪವಾಸದಲ್ಲಿ ಎಂಥ ಹಬ್ಬಾನೋ? ಈಸ್ಟರಿಗೆ ಇನ್ನೂ ಹತ್ತು ದಿನ ಇದೆ. ಮನೇಲಿ ಹಾಲಿಲ್ಲ, ಬೆಣ್ಣೆ ಇಲ್ಲ. ಆಲಿವ್ ಇದೆ, ತಿಂತೀರಾ?"

ಮಕ್ಕಳು ನಕ್ಕರು. ತಾತ ನಗಲಿಲ್ಲ. ಆ ಗ್ರೀಕ್ ದ್ವೀಪದಲ್ಲಿ ಹೆಸರಿನ ಹಬ್ಬಕ್ಕೆ, ಅಂದರೆ ತಮ್ಮ ಹೆಸರಿನ ಸಂತನ ದಿನಕ್ಕೆ, ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದಿರುತ್ತದೆ, ಬಂದವರನ್ನು ಬಾಯಿ ಸಿಹಿ ಮಾಡದೆ ಕಳಿಸುವುದಿಲ್ಲ. ಅಂದು ಬಂದವರು ಒಂದೊಂದು ಆಲಿವ್ ಚೀಪುತ್ತ ಹಿಂತಿರುಗಿದರು.

ಅಡುಗೆಮನೆಯಲ್ಲಿ ಮೊಮ್ಮಗಳು ಆರ್ಗಿರೊ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಫೋನಿಗೆ ಆ ದಿನವನ್ನು ಹೇಳಿಕೊಟ್ಟವಳು ಅವಳೇ.

ಫೋನಿನಲ್ಲಿದ್ದ ಕ್ಯಾಲೆಂಡರ್ ಒಂದು ಓಪನ್ ಸೋರ್ಸ್ ಪ್ರೋಗ್ರಾಂ. ಅದರ ಒಳಗೇನಿದೆ ಎಂದು ಯಾರು ಬೇಕಾದರೂ ನೋಡಬಹುದು, ತಿದ್ದಿ ಕಳಿಸಬಹುದು. ಹಿಂದಿನ ವರ್ಷ ಆರ್ಗಿರೊ ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ಗ್ರೀಸಿನ ಹೆಸರಿನ ಹಬ್ಬಗಳನ್ನೆಲ್ಲ ಟೈಪ್ ಮಾಡಿ ಕಳಿಸಿದ್ದಳು. ಸಹಾಯ ಮಾಡಿದವರ ಪಟ್ಟಿಯಲ್ಲಿ ತನ್ನ ಹೆಸರು ಬಂದಾಗ ಶಾಲೆಗೆಲ್ಲ ತೋರಿಸಿದ್ದಳು.

ಮರುದಿನ ಶಾಲೆಯಲ್ಲಿ ಥೊಡೊರಿಸ್ ಬಿಡಲಿಲ್ಲ. "ಏನಮ್ಮಾ ಪ್ರೋಗ್ರಾಮರ್, ಈ ಸಲ ಕ್ರಿಸ್ಮಸ್ ಯಾವಾಗ? ಆಗಸ್ಟಲ್ಲಾ?"

ಮನೆಗೆ ಬಂದವಳೇ ಆರ್ಗಿರೊ ಕ್ಯಾಲೆಂಡರಿನ ಉಸ್ತುವಾರಿ ನೋಡುವ ಫಿನ್ಲೆಂಡಿನ ವೈಕ್ಕೊಗೆ ಬರೆದಳು: "ಈ ವರ್ಷ ತಾತನ ಹಬ್ಬ ಬೇರೆ ದಿನ ಅಂತೆ. ನನ್ನ ಪಟ್ಟಿ ತೆಗೆದುಬಿಡಿ. ನನ್ನ ಹೆಸರೂ ಬೇಡ."

ಉತ್ತರ ಬೇಗನೆ ಬಂತು. "ಒಂದೆರಡು ತಪ್ಪಿಗೆ ಇನ್ನೂರು ಹಬ್ಬ ಅಳಿಸೋದಾ? ಹಬ್ಬ ದಿನ ಬದಲಿಸುತ್ತೆ ಅಂತ ಇಲ್ಲಿ ನಮಗ್ಯಾರಿಗೂ ಗೊತ್ತಿರಲಿಲ್ಲ. ಯಾವಾಗ, ಯಾವ ದಿನಕ್ಕೆ ಹೋಗುತ್ತೆ? ಕೇಳಿ ಬರೀತೀಯಾ? ಅಂದ ಹಾಗೆ, ನನ್ನ ಮೊದಲನೇ ತಿದ್ದುಪಡಿಯಿಂದ ಎಲ್ಲರ ಕ್ಯಾಲೆಂಡರಲ್ಲೂ ವಾರಕ್ಕೆ ಎರಡು ಭಾನುವಾರ ಬಂದಿದ್ವು!"

ಆರ್ಗಿರೊಗೆ ನಗು ತಡೆಯಲಾಗಲಿಲ್ಲ. ಎದ್ದು ಅಂಗಳಕ್ಕೆ ಹೋದಳು. ತಾತ ಬಲೆ ಹೊಲಿಯುತ್ತಿದ್ದರು.

"ತಾತಾ, ನಿನ್ನ ಹಬ್ಬ ಯಾಕೆ ಹೀಗೆ ಓಡಾಡುತ್ತೆ?"

"ಓಡಾಡೋದು ನಮ್ಮ ಈಸ್ಟರು ಕಣೇ, ಕೆಲವು ವರ್ಷ ಮೇ ತಿಂಗಳಿಗೂ ಹೋಗುತ್ತೆ. ಅದು ತಡವಾದ್ರೆ ನನ್ನ ಹಬ್ಬ ಉಪವಾಸದೊಳಗೆ ಸಿಕ್ಕಿಹಾಕ್ಕೊಳ್ಳುತ್ತೆ. ಆಗ ಈಸ್ಟರ್ ಆದ ಮೇಲೆ ಸೋಮವಾರ ಯೋರ್ಗೊಸ್ ಅನ್ನೋ ಹೆಸರಿನವರದು, ಮಂಗಳವಾರ ನಂದು."

"ಇದನ್ನ ಯಾರು ಹೇಳಿದ್ರು?"

"ಹೇಳೋದೇನು ಬಂತು? ಎಲ್ರಿಗೂ ಗೊತ್ತು."

"ಫೋನಿಗೆ ಗೊತ್ತಿಲ್ವಲ್ಲ."

"ಅಯ್ಯೋ ಪಾಪ," ಎಂದರು ತಾತ.

ಊರಿನ ಪಾದ್ರಿಗಳ ಹತ್ತಿರ ಹಿಂದಿನ ಹತ್ತು ವರ್ಷಗಳ ಕ್ಯಾಲೆಂಡರುಗಳಿದ್ದವು. ಆರ್ಗಿರೊ ನಿಯಮವನ್ನು ಪ್ರೋಗ್ರಾಮಿನಲ್ಲಿ ಬರೆದಳು. ಆಲಿವ್ ತಿಂದು ಬೇಸತ್ತಿದ್ದ ಥೊಡೊರಿಸ್ ಒಂದೊಂದೇ ವರ್ಷ ಓದಿ ತಾಳೆ ನೋಡಿದ.

"ತಾಳು, ತಾಳು! ಯೋರ್ಗೊಸನ್ನೂ ಮಾರ್ಕೋಸನ್ನೂ ಒಂದೇ ದಿನಕ್ಕೆ ತಳ್ಳಿದ್ದೀಯಲ್ಲೇ! ಯಾರ ಮನೇಲಿ ತಿನ್ನೋದು?"

ಅವಳು ತಿದ್ದಿದಳು. ಹತ್ತೂ ವರ್ಷ ಸರಿಯಾದವು. ಎರಡು ದಿನ ಕಳೆದು ವೈಕ್ಕೊನ ಒಪ್ಪಿಗೆ ಬಂತು.

ಈಸ್ಟರಿನ ಮಂಗಳವಾರ ಫೋನುಗಳೆಲ್ಲ ಮಾರ್ಕೋಸನ ಹೆಸರು ಹೇಳಿದವು. ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದರು. ಹಾಲಿನ ಕೆನೆ ತುಂಬಿ ಪಾಕದಲ್ಲಿ ನೆನೆಸಿದ ಸಿಹಿಯ ದೊಡ್ಡ ತಟ್ಟೆ ಮಧ್ಯಾಹ್ನದೊಳಗೆ ಬರಿದಾಯಿತು.

ಆ ಗದ್ದಲದ ನಡುವೆ ಆರ್ಗಿರೊಗೆ ಒಂದು ಸಂದೇಶ ಬಂತು, ಸೈಪ್ರಸ್‌ನ ಯಾರೋ ಹುಡುಗಿಯಿಂದ: "ನಿನ್ನ ಪಟ್ಟೀಲಿ ನಮ್ಮ ಅತ್ತೆ ಹಬ್ಬ ತಪ್ಪಾಗಿದೆ."

ಥೊಡೊರಿಸ್ ಬಗ್ಗಿ ಓದಿದ. "ಹೋಯ್ತು! ಮತ್ತೆ ಶುರು."

ಆರ್ಗಿರೊ ಬೆರಳಿಗಂಟಿದ ಪಾಕ ನೆಕ್ಕಿ, ಕುರ್ಚಿ ಎಳೆದುಕೊಂಡು ಟೈಪ್ ಮಾಡತೊಡಗಿದಳು: "ಹೌದಾ? ನಿಮ್ಮಲ್ಲಿ ಹೇಗೆ, ಹೇಳು."